ಅಳಿಸಿದ ಎರಡು ಅಕ್ಷರ

ನಮ್ಮ ಬೀದಿಯ ಹೆಂಗಸರು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಯಾರಾದರೊಬ್ಬರ ಮನೆಯಲ್ಲಿ ಸೇರುವ ಪದ್ಧತಿ ಇಟ್ಟುಕೊಂಡಿದ್ದೇವೆ. ಸಂಘ ಎನ್ನುವಷ್ಟು ದೊಡ್ಡದೇನಲ್ಲ. ನೋಂದಣಿ ಇಲ್ಲ, ಅಧ್ಯಕ್ಷೆ ಇಲ್ಲ, ಚಂದಾ ಇಲ್ಲ. ಎಂಟೊಂಬತ್ತು ಜನ. ಒಂದು ಪುಸ್ತಕ ಓದಿಕೊಂಡು ಬಂದು ಅದರ ಮೇಲೆ ಮಾತಾಡಬೇಕು ಎಂಬುದೊಂದೇ ನಿಯಮ. ಓದದೆ ಬರುವವರೇ ಹೆಚ್ಚು. ಆದರೆ ಬರುವುದನ್ನು ಮಾತ್ರ ಯಾರೂ ತಪ್ಪಿಸುವುದಿಲ್ಲ.

ಕಳೆದ ತಿಂಗಳು ನಮ್ಮ ಮನೆಯ ಸರದಿ. ಪರೀಕ್ಷೆಯ ಪೇಪರು ತಿದ್ದುವ ಗಲಾಟೆಯಲ್ಲಿ ನಾನೇ ಪುಸ್ತಕ ಓದಿರಲಿಲ್ಲ. ಹಾಗಾಗಿ ಮೇಜಿನ ಮೇಲೆ ಚಿತ್ರಗಳನ್ನು ಇಟ್ಟೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಂಗಿ ಹೋದ ವರ್ಷ ಊರಿಗೆ ಬಂದಾಗ ಆನ್ಸೆಲ್ ಆಡಮ್ಸ್ ಎಂಬ ಛಾಯಾಗ್ರಾಹಕನ ಒಂದು ದಪ್ಪ ಪುಸ್ತಕವನ್ನೂ, ಬೇರೆ ಒಂದಷ್ಟು ಬಿಡಿ ಪ್ರಿಂಟುಗಳನ್ನೂ ತಂದುಕೊಟ್ಟಿದ್ದಳು. ಪುಸ್ತಕ ಎಷ್ಟು ಭಾರವೆಂದರೆ ತೊಡೆಯ ಮೇಲಿಟ್ಟು ಓದಿದರೆ ಕಾಲು ಜೋಮು ಹಿಡಿಯುತ್ತದೆ. "ಅಕ್ಕಾ, ಇದರಲ್ಲಿ ಬಣ್ಣವೇ ಇಲ್ಲ, ಆದರೂ ನೋಡ್ತಾ ಕೂತರೆ ಹೊತ್ತು ಹೋಗೋದು ಗೊತ್ತಾಗಲ್ಲ" ಎಂದಿದ್ದಳು. ನಿಜ. ನನಗೆ ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಆದರೆ ಒಂದು ಚಿತ್ರದ ಮುಂದೆ ನೆಮ್ಮದಿಯೂ ಹೋಯಿತು. ಅದನ್ನು ಹೇಳುವುದಕ್ಕೇ ಈ ಬರಹ.

ಮೊದಲು ಆ ಕ್ಯಾಮೆರಾದ ಬಗ್ಗೆ ಹೇಳಬೇಕು. ನಮ್ಮ ವಯಸ್ಸಿನವರು ಊರಿನ ಹಳೆಯ ಸ್ಟುಡಿಯೋಗಳಲ್ಲಿ ಅಂಥದ್ದನ್ನು ನೋಡಿರುತ್ತೀರಿ. ಮೂರು ಕಾಲಿನ ಮೇಲೆ ನಿಂತ ಮರದ ಪೆಟ್ಟಿಗೆ, ನಡುವೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಚರ್ಮ, ಹಿಂದೆ ಕಪ್ಪು ಬಟ್ಟೆ. ಬಟ್ಟೆಯೊಳಗೆ ತಲೆ ತೂರಿಸಿದವರಿಗೆ ಉಜ್ಜಿದ ಗಾಜಿನ ಮೇಲೆ ಎದುರಿನ ಲೋಕವೆಲ್ಲ ತಲೆಕೆಳಗಾಗಿ, ಎಡ ಬಲ ಅದಲು ಬದಲಾಗಿ ಕಾಣುತ್ತದೆ. ಗಾಜಿನ ಜಾಗಕ್ಕೆ ಆಮೇಲೆ ಫಿಲ್ಮು ಬರುತ್ತದೆ. ಸುರುಳಿ ಫಿಲ್ಮಲ್ಲ, ಒಂದೊಂದೇ ಬಿಡಿ ಹಾಳೆ. ಆಡಮ್ಸ್ ತನ್ನ ಹೆಸರಾಂತ ಚಿತ್ರಗಳಲ್ಲಿ ಕೆಲವಕ್ಕೆ ಬಳಸಿದ್ದು ಎಂಟು ಇಂಚು ಅಗಲ, ಹತ್ತು ಇಂಚು ಉದ್ದದ ಹಾಳೆ. ಹೆಚ್ಚುಕಡಿಮೆ ನಾವು ಒಂದನೇ ಕ್ಲಾಸಿಗೆ ಒಯ್ಯುತ್ತಿದ್ದ ಸ್ಲೇಟಿನಷ್ಟು. ಮದುವೆ ಮನೆಗಳಲ್ಲಿ ಬಳಸುತ್ತಿದ್ದ ಸಣ್ಣ ಕ್ಯಾಮೆರಾದ ನೆಗೆಟಿವ್ ಅಂಚೆ ಚೀಟಿಯಷ್ಟಿರುತ್ತಿತ್ತು. ಈ ಸ್ಲೇಟಿನೊಳಗೆ ಅಂಥವು ಅರವತ್ತರಷ್ಟು ಹಿಡಿಯುತ್ತವೆ. ಆದ್ದರಿಂದಲೇ ಒಂದು ಬೆಟ್ಟದ ಚಿತ್ರ ತೆಗೆದರೆ ಬೆಟ್ಟದ ಮೇಲಿನ ಒಂದೊಂದು ಬಿರುಕೂ, ಬಿರುಕಿನಲ್ಲಿ ಹುಟ್ಟಿದ ಗಿಡವೂ ಅದರಲ್ಲಿ ಬಂದು ಕೂರುತ್ತದೆ. ತೆಗೆದವನು ನೋಡಿರದಿದ್ದರೂ ಫಿಲ್ಮು ನೋಡಿರುತ್ತದೆ.

ಆಡಮ್ಸ್ 1902ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವನು, ತೀರಿಕೊಂಡದ್ದು 1984ರಲ್ಲಿ. ಪಿಯಾನೋ ವಾದಕನಾಗಬೇಕೆಂದು ವರ್ಷಗಟ್ಟಲೆ ಅಭ್ಯಾಸ ಮಾಡಿ, ಕಡೆಗೆ ಬೆಟ್ಟಗಳ ಹುಚ್ಚಿಗೆ ಬಿದ್ದು ಕ್ಯಾಮೆರಾ ಹಿಡಿದ. 1932ರಲ್ಲಿ ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನ್ನಿಂಗ್‌ಹ್ಯಾಮ್ ಮೊದಲಾದವರ ಜೊತೆ ಸೇರಿ ಒಂದು ಗುಂಪು ಕಟ್ಟಿದ. ಅದರ ಹೆಸರು 'ಎಫ್ 64'. ಲೆನ್ಸಿನ ಕಂಡಿಯನ್ನು ಅತಿ ಚಿಕ್ಕದು ಮಾಡಿದಾಗ ಬರುವ ಸಂಖ್ಯೆ ಅದು. ಹಾಗೆ ಮಾಡಿದರೆ ಕಾಲ ಬುಡದ ಕಲ್ಲೂ ದೂರದ ಶಿಖರವೂ ಒಂದೇ ಸಮ ಚೊಕ್ಕಟವಾಗಿ ಮೂಡುತ್ತವೆ. ಆ ಕಾಲದಲ್ಲಿ ಫೋಟೋಗಳನ್ನು ಬೇಕೆಂದೇ ಮಸುಕು ಮಾಡಿ, ತೈಲಚಿತ್ರದ ಹಾಗೆ ಕಾಣಿಸಿ, 'ಕಲೆ' ಅನ್ನಿಸಿಕೊಳ್ಳುವ ಚಟ ಬಹಳ ಜನಕ್ಕಿತ್ತು. ಅದೆಲ್ಲ ಬೇಡ, ಫೋಟೋ ಫೋಟೋ ಆಗಿಯೇ ಇರಲಿ, ಲೆನ್ಸು ಕಂಡದ್ದನ್ನು ಕಂಡ ಹಾಗೆ ತೋರಿಸೋಣ ಎಂಬುದು ಈ ಗುಂಪಿನ ವಾದ. ಹೆಂಗಸರೂ ಸರಿಸಮವಾಗಿ ಇದ್ದ ಗುಂಪು ಎಂಬುದನ್ನು ನಮ್ಮ ವಕೀಲರ ಮನೆಯಾಕೆ ಮೂರು ಸಲ ಕೇಳಿ ಖಚಿತ ಮಾಡಿಕೊಂಡರು.

ಇಷ್ಟು ಪೀಠಿಕೆ ಹೇಳಿ ಪುಸ್ತಕ ಬಿಚ್ಚಿದೆ. ಮೊದಲ ಚಿತ್ರ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಎಂಬ ಬಂಡೆಯದು. 1927ರ ಏಪ್ರಿಲ್ 10ರಂದು, ಇಪ್ಪತ್ತೈದು ವರ್ಷದ ಆಡಮ್ಸ್ ತಾನು ಮದುವೆಯಾಗಲಿದ್ದ ವರ್ಜೀನಿಯಾಳನ್ನೂ ಕೆಲವು ಗೆಳೆಯರನ್ನೂ ಕೂಡಿಕೊಂಡು ಹಿಮದಲ್ಲಿ ಹತ್ತಿಹೋಗಿ ತೆಗೆದದ್ದು. ಆಗ ಇನ್ನೂ ಗಾಜಿನ ಪ್ಲೇಟುಗಳೇ. ಬಂಡೆಯ ಎದುರಿಗೆ ಹೋಗಿ ನಿಲ್ಲುವ ಹೊತ್ತಿಗೆ ಉಳಿದಿದ್ದವು ಎರಡು. ಒಂದನ್ನು ಹಳದಿ ಗಾಜು ಹಾಕಿ ತೆಗೆದ. ತೆಗೆದ ಮೇಲೆ, ತನ್ನ ಮನಸ್ಸಿಗೆ ಬಡಿದ ಬಂಡೆ ಇದಲ್ಲ ಅನ್ನಿಸಿತಂತೆ. ಕೊನೆಯ ಪ್ಲೇಟಿಗೆ ಗಾಢ ಕೆಂಪು ಗಾಜು ಹಾಕಿದ. ಕೆಂಪು ಗಾಜು ಆಕಾಶದ ನೀಲಿ ಬೆಳಕನ್ನು ತಡೆದುಬಿಡುತ್ತದೆ. ನಡುಹಗಲ ಆಕಾಶ ಅಮಾವಾಸ್ಯೆಯ ಹಾಗೆ ಕಪ್ಪಾಯಿತು, ಅದರೆದುರು ಬಂಡೆ ಎದ್ದು ನಿಂತಿತು.

"ಇದು ಕಂಡದ್ದನ್ನ ಕಂಡ ಹಾಗೆ ತೋರಿಸಿದ್ದಾ ಟೀಚರ್?" ಎಂದರು ಬ್ಯಾಂಕಿನಿಂದ ನಿವೃತ್ತರಾದ ಅಕ್ಕ. ಲೆಕ್ಕ ತಪ್ಪಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ನ್ಯಾಯವಾದ ಪ್ರಶ್ನೆ. ಆಡಮ್ಸ್ ಇದಕ್ಕೆ ಕೊಡುತ್ತಿದ್ದ ಉತ್ತರ ಸಂಗೀತದ್ದು. ನೆಗೆಟಿವ್ ಎಂದರೆ ಬರೆದಿಟ್ಟ ಸ್ವರ, ಪ್ರಿಂಟು ಎಂದರೆ ಕಚೇರಿ ಎನ್ನುತ್ತಿದ್ದ. ಒಂದೇ ಕೀರ್ತನೆಯನ್ನು ಒಬ್ಬರೇ ಗಾಯಕರು ಮೂವತ್ತನೇ ವಯಸ್ಸಿನಲ್ಲಿ ಹಾಡಿದ್ದಕ್ಕೂ ಅರವತ್ತರಲ್ಲಿ ಹಾಡಿದ್ದಕ್ಕೂ ವ್ಯತ್ಯಾಸ ಇರುವುದಿಲ್ಲವೇ? ಅದು ನನಗೆ ಒಪ್ಪಿಗೆ. ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ ಚಿತ್ರವನ್ನು ನೋಡಿದರೆ ಈ ಮಾತು ಸರಿಯಾಗಿ ಅರ್ಥವಾಗುತ್ತದೆ. 1941ರ ಒಂದು ಸಂಜೆ, ಕಾರಿನಲ್ಲಿ ಬರುತ್ತಿದ್ದಾಗ ಸ್ಮಶಾನದ ಶಿಲುಬೆಗಳ ಮೇಲೆ ಇಳಿಬಿಸಿಲು ಬಿದ್ದದ್ದು ಕಂಡು ಆತ ಕಾರು ನಿಲ್ಲಿಸಿದ. ಬೆಳಕು ಅಳೆಯುವ ಮೀಟರು ಕೈಗೆ ಸಿಗಲಿಲ್ಲ. ಚಂದ್ರನ ಬೆಳಕು ಎಷ್ಟೆಂಬ ಲೆಕ್ಕ ತಲೆಯಲ್ಲಿದ್ದದ್ದರಿಂದ ಅದರ ಮೇಲೆ ಅಂದಾಜು ಕಟ್ಟಿ ಒಂದು ಹಾಳೆ ತೆಗೆದ. ಎರಡನೆಯದಕ್ಕೆ ಕೈಹಾಕುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಆರಿಹೋಗಿತ್ತು. ಆ ಒಂದೇ ನೆಗೆಟಿವಿನಿಂದ ಮುಂದೆ ಸಾವಿರಕ್ಕೂ ಮೀರಿ ಪ್ರಿಂಟು ಹಾಕಿದ. ಮೊದಮೊದಲ ಪ್ರಿಂಟುಗಳಲ್ಲಿ ಆಕಾಶದ ತುಂಬ ತೆಳುಮೋಡ ಕಾಣುತ್ತದೆ. ವರ್ಷ ಕಳೆದಂತೆ ಆಕಾಶ ಕಪ್ಪಾಗುತ್ತ ಹೋಗಿ ಕೊನೆಕೊನೆಗೆ ಚಂದ್ರ ಒಬ್ಬನೇ ಉಳಿಯುತ್ತಾನೆ. ತಮಾಷೆಯೆಂದರೆ, ಚಂದ್ರನ ಬೆಳಕನ್ನು ನೆನಪಿಟ್ಟಿದ್ದವನಿಗೆ ಇಸವಿ ನೆನಪಿರಲಿಲ್ಲ. ಒಂದೊಂದು ಸಲ ಒಂದೊಂದು ಇಸವಿ ಹೇಳುತ್ತಿದ್ದ. ಕಡೆಗೆ ಖಗೋಳ ಬಲ್ಲವರು ಚಿತ್ರದಲ್ಲಿನ ಚಂದ್ರನ ಸ್ಥಾನ ನೋಡಿ ಗಣಿತ ಮಾಡಿ, ಮೊದಲು ಅಕ್ಟೋಬರ್ 31 ಎಂದು, ಆಮೇಲೆ ತಿದ್ದಿಕೊಂಡು ನವೆಂಬರ್ 1 ಎಂದು ಹೇಳಿದರು.

ಕಪ್ಪು ಬಿಳುಪಿನ ಈ ಏರಿಳಿತವನ್ನು ಹದಮಾಡುವುದಕ್ಕೆ ಆತ ಫ್ರೆಡ್ ಆರ್ಚರ್ ಎಂಬ ಇನ್ನೊಬ್ಬ ಅಧ್ಯಾಪಕನೊಡನೆ ಸೇರಿ 1940ರ ಸುಮಾರಿನಲ್ಲಿ ಒಂದು ಕ್ರಮವನ್ನೇ ರೂಪಿಸಿದ್ದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಸೌದೆ ಒಲೆಯ ಮೇಲಿನ ಅಟ್ಟದ ಮಸಿಯಿಂದ ಹಿಡಿದು ರಂಗೋಲಿ ಪುಡಿಯ ಬಿಳುಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿ, ಎದುರಿನ ಯಾವ ವಸ್ತು ಯಾವ ಮೆಟ್ಟಿಲಲ್ಲಿ ಕೂರಬೇಕೆಂದು ಚಿತ್ರ ತೆಗೆಯುವ ಮೊದಲೇ ತೀರ್ಮಾನಿಸುವುದು. ಇದನ್ನು ಆತ ಬಚ್ಚಿಟ್ಟುಕೊಳ್ಳಲಿಲ್ಲ. ಪುಸ್ತಕ ಬರೆದ, ಯೊಸೆಮಿಟಿಯಲ್ಲಿ ವರ್ಷ ವರ್ಷ ಶಿಬಿರ ನಡೆಸಿದ, ಕಲಿಯಲು ಬಂದವರ ಪ್ರಿಂಟುಗಳನ್ನು ಮುಂದಿಟ್ಟುಕೊಂಡು ತಪ್ಪು ಒಪ್ಪು ಹೇಳಿದ. ಮೇಷ್ಟರ ಜಾತಿಯವನೇ. ಅದಕ್ಕೇ ಅವನೊಡನೆ ಜಗಳವಾಡುವಾಗ ನನಗೆ ಸಹೋದ್ಯೋಗಿಯೊಡನೆ ಆಡಿದ ಹಾಗೆ ಅನ್ನಿಸುತ್ತದೆ.

ಜಗಳ ಹುಟ್ಟಿದ್ದು 1944ರ ಒಂದು ಚಿತ್ರದಿಂದ. ಲೋನ್ ಪೈನ್ ಎಂಬ ಊರಿನಿಂದ ಕಂಡ ಸಿಯೆರಾ ನೆವಾಡಾ ಬೆಟ್ಟಸಾಲು, ಚಳಿಗಾಲದ ಸೂರ್ಯೋದಯ. ಈ ಪುಸ್ತಕದಲ್ಲಿ ಒಂದೇ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಮೇಲೆ ಹಿಮದ ಶಿಖರಗಳು, ಅವುಗಳ ಮೇಲೆ ಆಗಷ್ಟೇ ಬಿದ್ದ ಬಿಸಿಲು. ಅದರ ಕೆಳಗೆ ಅಡ್ಡಡ್ಡಲಾಗಿ ಕಪ್ಪು ಗುಡ್ಡ, ಬಟ್ಟೆ ಕತ್ತರಿಸಿ ಹಾಸಿದ ಹಾಗೆ. ಇನ್ನೂ ಕೆಳಗೆ ಎಲೆ ಉದುರಿದ ಮರಗಳ ಒಂದು ಸಾಲು, ಹುಲ್ಲುಗಾವಲು, ಹುಲ್ಲುಗಾವಲಿನ ಮೇಲೆ ಒಂದೇ ಒಂದು ಪಟ್ಟಿ ಬೆಳಕು. ಆ ಬೆಳಕಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಕುದುರೆ ಮೇಯುತ್ತಿದೆ. ಮೊದಲು ನೋಡಿದಾಗ ಕುದುರೆ ಕಾಣುವುದಿಲ್ಲ. ಕಂಡ ಮೇಲೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ, ಕುದುರೆಯಿಂದ ಹೊರಟು ಶಿಖರದವರೆಗೆ ಹತ್ತಿ ಮತ್ತೆ ಇಳಿಯುತ್ತದೆ. ಇಷ್ಟು ದೊಡ್ಡ ಬೆಟ್ಟವನ್ನು ಇಷ್ಟು ಸಣ್ಣ ಜೀವದಿಂದ ಅಳೆದು ತೋರಿಸುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ನಾಲ್ಕು ದಿನ ಕತ್ತಲಲ್ಲೇ ಎದ್ದು ಹೋಗಿ ನಿಂತು ಬರಿಗೈಯಲ್ಲಿ ಬಂದಿದ್ದನಂತೆ. ಐದನೆಯ ದಿನ ಕಾರಿನ ಮೇಲಿನ ಹಲಗೆಯ ಮೇಲೆ ಕ್ಯಾಮೆರಾ ಹೂಡಿ, ಕೊರೆಯುವ ಚಳಿಯಲ್ಲಿ ಕಾದ. ಕುದುರೆ ಬೆನ್ನು ತೋರಿಸಿಕೊಂಡು ನಿಂತಿತ್ತು. ಬೆಳಕು ಸರಿಯುವ ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ತಿರುಗಿತು.

ಇಲ್ಲಿಯವರೆಗೆ ಎಲ್ಲರೂ ತಲೆದೂಗಿದರು. ಆಮೇಲೆ ನಾನು ಆ ಕಪ್ಪು ಗುಡ್ಡದ ಕಥೆ ಹೇಳಿದೆ.

ಅಮೆರಿಕದ ಪಶ್ಚಿಮ ಭಾಗದಲ್ಲಿ ಒಂದು ರೂಢಿಯಿದೆ. ಶಾಲೆಯ ಮಕ್ಕಳು ಊರ ಪಕ್ಕದ ಗುಡ್ಡ ಹತ್ತಿ, ತಮ್ಮ ಶಾಲೆಯ ಅಥವಾ ಊರಿನ ಹೆಸರಿನ ಮೊದಲಕ್ಷರವನ್ನು ದೊಡ್ಡದಾಗಿ ಬರೆಯುವುದು, ಆಗಾಗ ಹತ್ತಿ ಸುಣ್ಣ ಬಳಿದು ಬೆಳ್ಳಗೆ ಮಾಡುವುದು. 1905ರಲ್ಲೇ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಗುಡ್ಡದ ಮೇಲೆ ಕಾಂಕ್ರೀಟಿನಲ್ಲಿ ಒಂದು 'ಸಿ' ಕಟ್ಟಿದ್ದರು. ಲೋನ್ ಪೈನ್ ಹೈಸ್ಕೂಲಿನ ಮಕ್ಕಳೂ ಹಾಗೇ ಅಲಬಾಮಾ ಹಿಲ್ಸ್ ಎಂಬ ಈ ಗುಡ್ಡದ ಮೇಲೆ 'ಎಲ್ ಪಿ' ಎಂದು ಎರಡು ಅಕ್ಷರ ಮೂಡಿಸಿದ್ದರು. ಆಡಮ್ಸನ ನೆಗೆಟಿವಿನಲ್ಲಿ ಎಡಗಡೆಯ ಗುಡ್ಡದ ಮೇಲೆ ಆ ಅಕ್ಷರಗಳು ಬಂದಿದ್ದವು. ಬರದೆ ಏನು? ಸ್ಲೇಟಿನಗಲ ಫಿಲ್ಮು, ಎಲ್ಲವನ್ನೂ ಹಿಡಿಯುವ ಲೆನ್ಸು. ಆಡಮ್ಸ್ ನೆಗೆಟಿವಿನ ಮೇಲೆಯೇ ಅವನ್ನು ಆದಷ್ಟು ಅಳಿಸಿದ. ಆಮೇಲೂ ಪ್ರಿಂಟಿನಲ್ಲಿ ಚೂರುಪಾರು ಉಳಿದದ್ದನ್ನು ಪ್ರತಿಸಲ ಕುಂಚದಿಂದ ಮುಚ್ಚಿದ.

ಇದು ಯಾರೋ ಪತ್ತೆ ಹಚ್ಚಿದ ಗುಟ್ಟಲ್ಲ. 1983ರಲ್ಲಿ ತನ್ನ ನಲವತ್ತು ಚಿತ್ರಗಳು ಹೇಗೆ ಆದವೆಂದು ಬರೆದ ಪುಸ್ತಕದಲ್ಲಿ ಆತನೇ ಹೇಳಿಕೊಂಡಿದ್ದಾನೆ. ಆ ಅಕ್ಷರಗಳು ಅಸಹ್ಯವಾದ, ಅವಮಾನಕರವಾದ ಗಾಯದ ಕಲೆ ಎಂಬರ್ಥದ ಮಾತು ಬಳಸಿದ್ದಾನೆ. ತಾನು ಅದನ್ನು ಉಳಿಸಿಕೊಳ್ಳುವಷ್ಟು ಮಡಿವಂತನಲ್ಲ ಎಂದೂ ಹೇಳಿದ್ದಾನೆ. ಒಪ್ಪಿಕೊಂಡದ್ದು ದೊಡ್ಡತನ. ಒಪ್ಪಿಕೊಂಡ ರೀತಿಯಲ್ಲಿ ಮಾತ್ರ ನನಗೆ ಸಿಟ್ಟು ಬಂತು.

"ಸರಿಯಾಗೇ ಮಾಡಿದಾನೆ ಬಿಡ್ರೀ" ಎಂದರು ಬ್ಯಾಂಕಿನ ಅಕ್ಕ. "ನಮ್ಮ ದೇವಸ್ಥಾನದ ಕಂಬದ ಮೇಲೆಲ್ಲ ಹೆಸರು ಕೆತ್ತಿ ಬಾಣ ಬಿಡಿಸಿರ್ತಾರಲ್ಲ, ಅದನ್ನೂ ಫೋಟೋದಲ್ಲಿ ಇಟ್ಕೋಬೇಕಾ?"

ವಕೀಲರ ಮನೆಯಾಕೆಯದು ಇನ್ನೊಂದು ವಾದ. "ಹಾಗಾದ್ರೆ ನೆಂಟರು ಬಂದಾಗ ನಾವು ಅಡುಗೆಮನೆ ಬಾಗಿಲು ಎಳೆಯೋದೂ ಸುಳ್ಳೇ ಆಯ್ತಲ್ಲ ಟೀಚರ್. ಎಲ್ಲಾ ತೋರಿಸ್ಕೊಂಡು ಕೂರಕ್ಕಾಗುತ್ತಾ?"

ಹೊಲಿಗೆ ಮಾಡುವ ನಮ್ಮ ಬೀದಿಯ ಸೊಸೆಯೊಬ್ಬಳು, ಯಾವತ್ತೂ ಮಾತಾಡದವಳು, ಕಾಫಿ ಲೋಟ ಕೆಳಗಿಟ್ಟು ಹೇಳಿದಳು: "ಆ ಮಕ್ಕಳು ಸುಣ್ಣದ ಬಕೆಟ್ಟು ಹೊತ್ಕೊಂಡು ಅಷ್ಟೆತ್ತರ ಹತ್ತಿರ್ತಾರಲ್ಲ ಮೇಡಂ."

ನನ್ನ ವಾದ ಇದು. ಆಕಾಶವನ್ನು ಕಪ್ಪು ಮಾಡಿದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಆಕಾಶಕ್ಕೆ ಅದರಿಂದ ನಷ್ಟವಿಲ್ಲ, ನಾಳೆ ಮತ್ತೆ ನೀಲಿಯಾಗುತ್ತದೆ. ಅದು ಹಾಡುಗಾರಿಕೆಯ ಸ್ವಾತಂತ್ರ್ಯ. ಆದರೆ ಸ್ವರ ಬಿಗಿ ಮಾಡುವುದು ಬೇರೆ, ಸಾಹಿತ್ಯದಲ್ಲಿರುವ ಒಬ್ಬರ ಹೆಸರನ್ನೇ ತೆಗೆದುಹಾಕಿ ಹಾಡುವುದು ಬೇರೆ. ಆ ಗುಡ್ಡದ ಕೆಳಗೆ ಒಂದು ಊರಿದೆ, ಶಾಲೆಯಿದೆ, ಮಕ್ಕಳಿದ್ದಾರೆ ಎಂಬುದಕ್ಕೆ ಚಿತ್ರದಲ್ಲಿದ್ದ ಎದ್ದುಕಾಣುವ ಗುರುತು ಆ ಎರಡು ಅಕ್ಷರ. ಕುದುರೆ ಇರಬಹುದು, ಅದಕ್ಕೆ ಅಕ್ಷರ ಬಾರದು. ಶಿಖರಗಳ ಒಂದೊಂದು ಗೆರೆಯನ್ನೂ ಬಿಡದೆ ಹಿಡಿದವನು ಮಕ್ಕಳ ಗೆರೆಯನ್ನು ಮಾತ್ರ ಬಿಟ್ಟ. ಬಿಟ್ಟ ಮೇಲೆ ಅದು ಮನುಷ್ಯರಿನ್ನೂ ಹುಟ್ಟಿರದ ಕಾಲದ ಬೆಳಗಿನ ಹಾಗೆ ಕಾಣತೊಡಗಿತು. ಆ ಶುದ್ಧವಾದ ಬೆಳಗನ್ನೇ ಜನ ದುಡ್ಡು ಕೊಟ್ಟು ಕೊಂಡು ಗೋಡೆಗೆ ಹಾಕಿಕೊಂಡರು. ನಾನೂ ಅದನ್ನೇ ಮೆಚ್ಚಿದ್ದು, ಬೇರೆಯವರನ್ನೇಕೆ ಅನ್ನಲಿ.

ಆ ಕಣಿವೆಯಂತೂ ಹಾಗೆ ಶುದ್ಧವಾಗಿ ಇದ್ದದ್ದಲ್ಲ. ಓವೆನ್ಸ್ ಕಣಿವೆ ಎಂದು ಅದರ ಹೆಸರು. ಅಲ್ಲಿ ಬೇರುಬಿಟ್ಟಿದ್ದ ಪಯೂಟ್ ಬುಡಕಟ್ಟಿನವರನ್ನು ಸೈನ್ಯ 1863ರಲ್ಲಿ ಹೊಡೆದಟ್ಟಿತು. ಆಮೇಲೆ ಬಂದವರು ಸೇಬಿನ ತೋಟ ಮಾಡಿ ಊರು ಕಟ್ಟಿದರು. 'ಮಂಜನಾರ್' ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಸೇಬಿನ ತೋಟ. ಲಾಸ್ ಏಂಜಲೀಸ್ ನಗರ 1913ರಲ್ಲಿ ಆ ಕಣಿವೆಯ ನೀರನ್ನು ಕಾಲುವೆಯಲ್ಲಿ ಕೊಂಡೊಯ್ಯಲು ಶುರುಮಾಡಿತು, ಭೂಮಿಯನ್ನೂ ಕೊಂಡುಕೊಂಡಿತು. ತೋಟ ಒಣಗಿ ಊರು ಖಾಲಿಯಾಯಿತು. ಖಾಲಿಯಾದ ಅದೇ ಜಾಗಕ್ಕೆ 1942ರಲ್ಲಿ ಮುಳ್ಳುತಂತಿ ಸುತ್ತಿ, ಎಂಟು ಕಾವಲು ಗೋಪುರ ನಿಲ್ಲಿಸಿ, ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ತಂದು ತುಂಬಿದರು. ಜಪಾನ್ ಮೂಲದವರೆಂಬುದೇ ಅವರ ತಪ್ಪು. ಯುದ್ಧ ನಡೆಯುತ್ತಿತ್ತು, ಎಲ್ಲರ ಮೇಲೂ ಅನುಮಾನ. ಹೀಗೆ ಅಲ್ಲಲ್ಲಿ ಹತ್ತು ಶಿಬಿರಗಳಿಗೆ ಹಾಕಿದ ಲಕ್ಷಕ್ಕೂ ಮೀರಿದ ಜನರಲ್ಲಿ ಬಹುಪಾಲು ಅಮೆರಿಕದಲ್ಲೇ ಹುಟ್ಟಿದ, ಅಲ್ಲಿನ ಪ್ರಜೆಗಳು. ತಪ್ಪಾಯಿತೆಂದು ಆ ಸರ್ಕಾರ ಕ್ಷಮೆ ಕೇಳಿ ಪರಿಹಾರ ಕೊಡಲು 1988ರವರೆಗೆ ಕಾಯಬೇಕಾಯಿತು.

ಮಂಜನಾರಿಗೂ ನಮ್ಮ ಚಿತ್ರದ ಲೋನ್ ಪೈನಿಗೂ ಹದಿನೈದು ಹದಿನಾರು ಕಿಲೋಮೀಟರಿನ ಅಂತರ. ಆಡಮ್ಸ್ ಆ ಕಡೆಗೆ ಬಂದು ಹೋಗುತ್ತಿದ್ದದ್ದೇ ಆ ಶಿಬಿರದ ಚಿತ್ರ ತೆಗೆಯಲು. ತಂಗಿ ತಂದಿದ್ದ ಬಿಡಿ ಪ್ರಿಂಟುಗಳು ಅವೇ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಆತ ಅವನ್ನೆಲ್ಲ 1960ರ ದಶಕದಲ್ಲಿ ದಾನ ಕೊಟ್ಟುಬಿಟ್ಟ. ಹಾಗಾಗಿ ಯಾರು ಬೇಕಾದರೂ ಪ್ರಿಂಟು ಹಾಕಿಸಿಕೊಳ್ಳಬಹುದು.

ಅವನ್ನು ಮೇಜಿನ ಮೇಲೆ ಹರಡಿದೆವು. ದಾದಿ, ಕೋಸು ಹಿಡಿದು ನಿಂತ ರೈತ, ಪಾಠ ಕೇಳುವ ಮಕ್ಕಳು, ವಾಲಿಬಾಲ್ ಆಡುವ ಹುಡುಗಿಯರು. ಮುಖಗಳನ್ನು ಶಿಖರಗಳನ್ನು ತೆಗೆದ ಹಾಗೆಯೇ ತೆಗೆದಿದ್ದಾನೆ, ಹತ್ತಿರದಿಂದ, ಬಿಸಿಲಿಗೆ ಹಿಡಿದು, ಚರ್ಮದ ರಂಧ್ರವೂ ಕಾಣುವಂತೆ. ಬಹಳ ಜನ ನಗುತ್ತಿದ್ದಾರೆ. ಇದೇ ಚಿತ್ರಗಳನ್ನು 1944ರಲ್ಲಿ, ಇನ್ನೂ ಯುದ್ಧ ನಡೆಯುತ್ತಿರುವಾಗಲೇ ಪುಸ್ತಕ ಮಾಡಿ, 'ಹುಟ್ಟಿನಿಂದ ಸ್ವತಂತ್ರರು, ಸಮಾನರು' ಎಂಬರ್ಥದ ಹೆಸರಿಟ್ಟು ಹೊರತಂದ. ಜನ ಆ ಮುಖಗಳನ್ನು ದ್ವೇಷಿಸುತ್ತಿದ್ದ ಕಾಲದಲ್ಲಿ ಅದಕ್ಕೆ ಎದೆಗಾರಿಕೆ ಬೇಕು. ಅದನ್ನು ಮರೆತು ಮಾತಾಡುವುದು ಅನ್ಯಾಯ.

ಆದರೆ ಮುಳ್ಳುತಂತಿ ಎಲ್ಲಿ? ಗೋಪುರ ಎಲ್ಲಿ? ಅವನ್ನು ತೆಗೆಯಲು ಅಲ್ಲಿ ಅನುಮತಿ ಇರಲಿಲ್ಲ. ನಿಜ. ಆದರೂ ಅದೇ ಶಿಬಿರಕ್ಕೆ 1942ರಲ್ಲಿ ಬಂದ ಡೊರೊತಿಯಾ ಲ್ಯಾಂಗ್ ತೆಗೆದ ಧೂಳು, ಸಾಲು, ಮುದುಡಿದ ಮುದುಕರ ಚಿತ್ರಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಆಕೆಯ ಆ ಚಿತ್ರಗಳನ್ನು ಯುದ್ಧ ಮುಗಿಯುವ ತನಕ ಸೈನ್ಯ ಹೊರಗೆ ಬಿಡಲಿಲ್ಲ. ಇನ್ನೊಬ್ಬನಿದ್ದ, ತೋಯೋ ಮಿಯಾಟಾಕೆ. ಲಾಸ್ ಏಂಜಲೀಸಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದವನು, ಹೆಂಡತಿ ಮಕ್ಕಳ ಸಮೇತ ಒಳಗೆ ಬಂದು ಬಿದ್ದವನು. ಕೈದಿಗಳಿಗೆ ಕ್ಯಾಮೆರಾ ನಿಷಿದ್ಧ. ಆತ ಒಂದು ಲೆನ್ಸು, ಫಿಲ್ಮಿನ ಹಾಳೆ ಇಡುವ ಒಂದು ಹಿಡಿಕೆ, ಇವೆರಡನ್ನು ಕದ್ದು ಒಳತಂದ. ಶಿಬಿರದ ಬಡಗಿಯೊಬ್ಬನಿಂದ ಮರದ ಪೆಟ್ಟಿಗೆ ಮಾಡಿಸಿ, ಊಟದ ಡಬ್ಬಿಯಂತೆ ಕಾಣುವ ಕ್ಯಾಮೆರಾ ಕಟ್ಟಿಕೊಂಡ. ಮುಂದೆ ಸಿಕ್ಕಿಬಿದ್ದರೂ ಕೆಲಸ ನಿಲ್ಲಲಿಲ್ಲ, ಅವನನ್ನೇ ಶಿಬಿರದ ಫೋಟೋಗ್ರಾಫರ್ ಮಾಡಿದರು. ಮೊದಲು ಹಾಕಿದ ಷರತ್ತು ನೋಡಿ: ಎಲ್ಲ ಸಿದ್ಧತೆ ಇವನದು, ಗುಂಡಿ ಒತ್ತುವುದು ಮಾತ್ರ ಒಬ್ಬ ಬಿಳಿಯ. ಶಿಬಿರದ ಹೈಸ್ಕೂಲಿನ ಮಕ್ಕಳು ತಂದ ವಾರ್ಷಿಕ ಸಂಚಿಕೆಗೂ ಇವನೇ ಚಿತ್ರ ತೆಗೆದ. 'ನಮ್ಮ ಲೋಕ' ಎಂದು ಆ ಸಂಚಿಕೆಯ ಹೆಸರು. ಇವನ ಒಂದು ಚಿತ್ರದಲ್ಲಿ ಮೂವರು ಹುಡುಗರು ಮುಳ್ಳುತಂತಿಯ ಹಿಂದೆ ನಿಂತಿದ್ದಾರೆ, ದೂರದಲ್ಲಿ ಗೋಪುರ. ಕುಶಲತೆಯಲ್ಲಿ ಆಡಮ್ಸನ ಹತ್ತಿರ ಬರುವಂಥದ್ದಲ್ಲ. ಆದರೆ ತಂತಿ ಇದೆ.

ಆಡಮ್ಸ್ ಇದೇ 1944ರಲ್ಲಿ ಮಂಜನಾರಿನಿಂದ ಕಂಡ ಮೌಂಟ್ ವಿಲಿಯಮ್ಸನ್‌ನ ಚಿತ್ರ ತೆಗೆದ. ಮುಂದೆ ಗುಂಡುಕಲ್ಲುಗಳ ಬಯಲು, ಹಿಂದೆ ಮೋಡ ಸೀಳಿ ಇಳಿದ ಬೆಳಕಿನ ಕೋಲುಗಳು. 1955ರಲ್ಲಿ ನ್ಯೂಯಾರ್ಕಿನ 'ಮಾನವ ಕುಟುಂಬ' ಎಂಬ ಹೆಸರುವಾಸಿ ಪ್ರದರ್ಶನದಲ್ಲಿ ಅದನ್ನು ಗೋಡೆಯಗಲ ಮಾಡಿ ಹಾಕಿದ್ದರು. ಚಿತ್ರದ ಹೆಸರಿನಲ್ಲಿ ಮಂಜನಾರ್ ಇದೆ, ಚಿತ್ರದಲ್ಲಿ ಇಲ್ಲ. ಹತ್ತು ಸಾವಿರ ಜನ ಬೆನ್ನ ಹಿಂದೆಯೇ ಇದ್ದರು. ಬೆಟ್ಟ ಕೈದಿಗಳಿಗೆ ಧೈರ್ಯ ಕೊಟ್ಟಿತು ಎಂದು ಆತ ನಂಬಿದ್ದ. ಬೆಟ್ಟ ಎಲ್ಲರಿಗೂ ಧೈರ್ಯ ಕೊಡುತ್ತದೆ, ಕಾವಲುಗಾರರಿಗೂ ಕೊಟ್ಟಿರಬೇಕು.

ಇಷ್ಟೆಲ್ಲ ನಾನು ಆವೇಶದಿಂದ ಹೇಳಿ ಮುಗಿಸಿದಾಗ ಬ್ಯಾಂಕಿನ ಅಕ್ಕ ಶಾಂತವಾಗಿ ಒಂದೇ ಪ್ರಶ್ನೆ ಕೇಳಿದರು. "ಸರಿ ಟೀಚರ್. ನಿಮ್ಮ ಮಕ್ಕಳು ಬಂಡೆ ಮೇಲೆ ಬರೆದಿದ್ರೆ ನೀವೇನ್ ಮಾಡ್ತಿದ್ರಿ?"

ನಾನು ಉತ್ತರ ಕೊಡಲಿಲ್ಲ. ಕೋಡುಬಳೆ ತರುವ ನೆಪದಲ್ಲಿ ಒಳಗೆ ಹೋದೆ. ನಾನು ಏನು ಮಾಡಿದ್ದೆನೆಂಬುದು ನನಗೆ ಗೊತ್ತಿತ್ತು.

1997ರ ಜನವರಿ. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತಷ್ಟೆ. ಹತ್ತನೇ ತರಗತಿಯನ್ನು ಚಿತ್ರದುರ್ಗದ ಕೋಟೆಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಪುಸ್ತಕದಲ್ಲಿ ಅಲಬಾಮಾ ಹಿಲ್ಸಿನ ಬೇರೆ ಚಿತ್ರಗಳನ್ನು ನೋಡಿದಾಗ ನನಗೆ ಮೊದಲು ನೆನಪಾದದ್ದು ಆ ದುರ್ಗವೇ. ಅದೇ ಗುಂಡು ಗುಂಡು ಬಂಡೆ, ಒಂದರ ಮೇಲೊಂದು ಈಗ ಬಿದ್ದೀತೋ ಆಗ ಬಿದ್ದೀತೋ ಎಂಬಂತೆ. ಓಬವ್ವನ ಕಿಂಡಿ ನೋಡಿ, ಗೋಪಾಲಸ್ವಾಮಿ ಹೊಂಡದ ಹತ್ತಿರ ಬುತ್ತಿ ಬಿಚ್ಚಿದ್ದೆವು. ಹಿಂದಿನ ಬೆಂಚಿನ ಒಬ್ಬ ಹುಡುಗ, ಓದಿನಲ್ಲಿ ತೀರಾ ಹಿಂದೆ, ತರಗತಿಯಿಂದ ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು ಬಂದಿದ್ದ. ಬಂಡೆಯೊಂದರ ಮೇಲೆ ಹತ್ತಿ '10ನೇ ಬಿ' ಎಂದು ಆಳೆತ್ತರ ಬರೆದ. ಅವನ ಹೆಸರಲ್ಲ. ತರಗತಿಯ ಹೆಸರು. ಅಕ್ಷರ ದುಂಡಗಿತ್ತು, ನೋಟ್‌ಬುಕ್ಕಿನಲ್ಲಿ ಅಷ್ಟು ಚೆನ್ನಾಗಿ ಅವನು ಯಾವತ್ತೂ ಬರೆದವನಲ್ಲ. ಕಾವಲಿನವನು ಬಂದು ಕೂಗಾಡಿದ. ನನಗೆ ಅವಮಾನವಾಯಿತು. ಅವನದೇ ಕರ್ಚೀಫಿನಿಂದ, ಕುಡಿಯುವ ನೀರಿನಿಂದ, ಎಲ್ಲರ ಮುಂದೆ ಒರೆಸಿಸಿದೆ. ಒರೆಸಿದ ಜಾಗ ಒದ್ದೆಯಾಗಿ ಕಪ್ಪಗೆ ಕಾಣುತ್ತಿತ್ತು, ನಾವು ಹೊರಡುವಷ್ಟರಲ್ಲಿ ಒಣಗಿತು. ಊರಿಗೆ ಬಂದ ಮೇಲೆ ಒಂದು ವಾರ ತರಗತಿಗೆ ಬರಬೇಡ ಎಂದೆ. ಬಂಡೆ ಒರೆಸಿಸಿದ್ದರ ಬಗ್ಗೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ, ಕೋಟೆ ಎಲ್ಲರದು. ಆ ವಾರದ ಮಾತು ಬೇರೆ.

ಆ ವಾರದಲ್ಲೇ ಗ್ರೂಪ್ ಫೋಟೋ ಬಂತು. ನಮ್ಮೂರ ಸ್ಟುಡಿಯೋದ ಯಜಮಾನರು ಆಗಲೂ ತಿದಿಯ ಹಳೆಯ ಕ್ಯಾಮೆರಾವನ್ನೇ ಗ್ರೂಪ್ ಫೋಟೋಗಳಿಗೆ ತರುತ್ತಿದ್ದರು, ಮುಖ ಚೊಕ್ಕ ಬರುತ್ತದೆಂದು. ಬೆಂಚು ಜೋಡಿಸಿ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದ್ದಾಯಿತು. ಅವರು ಕಪ್ಪು ಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ, "ಟೀಚರಮ್ಮ, ಹಿಂದಿನ ಸಾಲಲ್ಲಿ ಒಂದಾಳು ಜಾಗ ಖಾಲಿ ಕಾಣುತ್ತೆ, ಒಂದಿಷ್ಟು ಒತ್ತಾಗಿ ನಿಲ್ಲಿಸಿ" ಎಂದರು. ನಾನು ಹೋಗಿ ಮಕ್ಕಳ ಭುಜ ಹಿಡಿದು ಸರಿಸಿ ನಿಲ್ಲಿಸಿದೆ. ಜಾಗ ಮುಚ್ಚಿತು. ರಟ್ಟಿನ ಮೇಲೆ ಅಂಟಿಸಿ ಕೊಟ್ಟ ಫೋಟೋದ ಕೆಳಗೆ ಎಡದಿಂದ ಬಲಕ್ಕೆ ಎಂದು ಹೆಸರುಗಳ ಸಾಲಿದೆ. ಅವನ ಹೆಸರಿಲ್ಲ. ಅವನು ಆ ವರ್ಷ ಪರೀಕ್ಷೆಗೆ ಕೂರಲಿಲ್ಲ.

ಮೊನ್ನೆ ಎಲ್ಲರೂ ಹೋದ ಮೇಲೆ ಅಟ್ಟದಿಂದ ಆ ಫೋಟೋ ತೆಗೆದು ಧೂಳು ಒರೆಸಿದೆ. ಆಡಮ್ಸನ ಗುಡ್ಡದ ಮೇಲೆ ಅಕ್ಷರ ಹುಡುಕಲು ತಂದಿಟ್ಟಿದ್ದ ಭೂತಗನ್ನಡಿ ಮೇಜಿನ ಮೇಲೇ ಇತ್ತು. ಆ ಗುಡ್ಡದ ಮೇಲೆ ನನಗೆ ಏನೂ ಸಿಕ್ಕಿರಲಿಲ್ಲ. ನಮ್ಮ ಫೋಟೋದಲ್ಲಿ ಒಂದೊಂದು ಮುಖವೂ ಈಗ ತೊಳೆದಿಟ್ಟ ಹಾಗಿದೆ. ಜಡೆಯ ರಿಬ್ಬನ್ನಿನ ನೂಲು, ಹೆಡ್‌ಮಾಸ್ಟರ ಜೇಬಿನ ಪೆನ್ನಿನ ಕ್ಲಿಪ್ಪು, ಹಿಂದಿನ ಗೋಡೆಯ ಗಾರೆಯ ಬಿರುಕು. ಗೋಡೆಯ ಬಲತುದಿಯಲ್ಲಿ, ಕಾಂಪೌಂಡಿನ ಆಚೆ ಹುಣಸೆಮರ. ಮರದ ಬುಡದಲ್ಲಿ ಒಂದು ಬಿಳಿ ಅಂಗಿ ನಿಂತಿದೆ. ಲೆನ್ಸು ತೆರೆದಿದ್ದ ಆ ಒಂದು ಸೆಕೆಂಡಿನಲ್ಲಿ ತಲೆ ಅಲುಗಿಸಿರಬೇಕು, ಮುಖ ಕಲಸಿಹೋಗಿದೆ. ಅವನೇ ಹೌದೋ ಅಲ್ಲವೋ ಹೇಳಲಾರೆ. ಕೈಗಳು ಗೋಡೆಯ ಮೇಲಿವೆ, ಅವು ಮಾತ್ರ ಚೆನ್ನಾಗಿ ಬಂದಿವೆ.

ಮುಂದಿನ ಭಾನುವಾರ ಬ್ಯಾಂಕಿನ ಅಕ್ಕನ ಮನೆಯಲ್ಲಿ. ಈ ಫೋಟೋ ತರುತ್ತೇನೆಂದು ಅವರಿಗೆ ಹೇಳಿದ್ದೇನೆ. ಭೂತಗನ್ನಡಿಯನ್ನೂ.